ಬಿದ್ದ ಮರದಿಂದ ಬಚ್ಚಲ ಒಲೆಯವರೆಗೆ: ಚೈನ್ ಸಾ ಹಿಡಿದು ಪುಕ್ಕಟೆ ಸೌದೆ ಮಾಡಿಕೊಳ್ಳುವ ಕ್ರಮ

ಬೇಸಿಗೆಯ ಮೊದಲ ಗಾಳಿಮಳೆ ಬಿದ್ದ ಮಾರನೇ ದಿನದಿಂದ ಮಲೆನಾಡಿನ ಓದುಗರ ಪ್ರಶ್ನೆಗಳು ಶುರು. "ಹೊಸ ಮಿಷನ್, ಎರಡೇ ದಿನಕ್ಕೆ ಕೊಯ್ಯೋದನ್ನೇ ಬಿಟ್ಟಿದೆ." "ಬಾರ್ ದಿಮ್ಮಿಯೊಳಗೆ ಕಚ್ಚಿಕೊಂಡಿದೆ, ಬರ್ತಾ ಇಲ್ಲ." "ಅಷ್ಟೊಂದು ಸೌದೆ ಮಾಡಿದೆವು, ಮಳೆಗಾಲದಲ್ಲಿ ಬರೀ ಹೊಗೆ." ವಿಚಾರಿಸಿದರೆ ಹೆಚ್ಚಿನವರು ಮಾಡಿದ ತಪ್ಪು ಒಂದೇ. ಮಿಷನ್ ಕೈಗೆ ಬಂದ ಕೂಡಲೇ ದಾರ ಎಳೆದಿದ್ದಾರೆ. ಮಿಷನ್ ಸ್ಟಾರ್ಟ್ ಮಾಡುವುದು ಈ ಕೆಲಸದ ಐದನೇ ಹಂತ. ಅದಕ್ಕಿಂತ ಮೊದಲಿನ ನಾಲ್ಕನ್ನು ಹಾರಿಸಿದರೆ ಮುಂದಿನದೆಲ್ಲ ಕೈಕೊಡುತ್ತದೆ.

ಇಲ್ಲಿ ಹೇಳುವುದೆಲ್ಲ ಆಗಲೇ ನೆಲಕ್ಕೆ ಬಿದ್ದ ಮರ ಮತ್ತು ಕಡಿದು ಹಾಕಿದ ಕೊಂಬೆಗಳ ಬಗ್ಗೆ. ನಿಂತ ಮರ ಬೀಳಿಸುವುದು ಬೇರೆಯೇ ವಿದ್ಯೆ. ಬಿದ್ದು ಇನ್ನೊಂದು ಮರಕ್ಕೆ ಒರಗಿಕೊಂಡಿರುವ ಮರವೂ ಅದೇ ಲೆಕ್ಕ. ಅದನ್ನು ಕಲಿತವರಿಗೆ ಬಿಡಿ.

## ಹಂತ 1: ಸೌದೆ ಎಲ್ಲಿದೆ, ಯಾರದ್ದು ಅಂತ ಕೇಳಿ

ಕಾಫಿ ಸೀಮೆಯಲ್ಲಿ ಪುಕ್ಕಟೆ ಸೌದೆಯ ದೊಡ್ಡ ಮೂಲ ಮರಗಸಿ. ನೆರಳಿನ ಮರಗಳ ಕೊಂಬೆ ಇಳಿಸಿದ ಮೇಲೆ ತೋಟದ ತುಂಬ ರಾಶಿ ಬಿದ್ದಿರುತ್ತದೆ. ಅದನ್ನು ಹೊರಗೆ ಹಾಕುವುದೇ ಮಾಲೀಕರಿಗೊಂದು ಕೆಲಸ. "ಕೊಂಬೆ ನಾವು ತಗೊಂಡು ಹೋಗ್ತೀವಿ, ಸಾಲು ಚೊಕ್ಕ ಮಾಡಿ ಕೊಡ್ತೀವಿ" ಅಂತ ಮೊದಲೇ ಮಾತಾಡಿಕೊಂಡರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಮಾತಿಗೆ ತಪ್ಪಿ ಸೊಪ್ಪು, ಪುಳ್ಳೆ ಅಲ್ಲೇ ಬಿಟ್ಟು ಬಂದರೆ ಮುಂದಿನ ವರ್ಷ ಆ ತೋಟದ ಗೇಟು ನಿಮಗಲ್ಲ. ಕರಾವಳಿ ಕಡೆ ಹಳೇ ರಬ್ಬರ್ ಕಡಿದ ಜಾಗದಲ್ಲಿ ದಿಮ್ಮಿ ಮಾರಾಟಕ್ಕೆ ಹೋಗುತ್ತದೆ, ಸಣ್ಣ ಕೊಂಬೆ ಉಳಿಯುತ್ತದೆ. ಅದನ್ನೂ ಕೇಳಬಹುದು. ಗಾಳಿಗೆ ಬಿದ್ದ ಪಕ್ಕದ ಮನೆಯ ಹಲಸು, ಮಾವು ಇನ್ನೊಂದು ದಾರಿ.

ಸರ್ಕಾರಿ ಅರಣ್ಯಕ್ಕೆ ಮಿಷನ್ ಒಯ್ಯಲೇಬೇಡಿ. ಬಿದ್ದ ಮರ, ಒಣಗಿದ ಮರ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ರಸ್ತೆ ಬದಿಯ ಮರವೂ ನಿಮ್ಮದಲ್ಲ.

ಸ್ವಂತ ಜಾಗದ ಮರಕ್ಕೂ ಕಾಯ್ದೆ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ರಬ್ಬರ್, ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ಶ್ರೀಗಂಧ, ಬೀಟೆ, ತೇಗದ ವಿಷಯದಲ್ಲಿ ಬಿದ್ದ ಕೊಂಬೆಯನ್ನೂ ಕೇಳದೆ ಮುಟ್ಟಬೇಡಿ. ಸೌದೆಯನ್ನು ವಾಹನದಲ್ಲಿ ಸಾಗಿಸುವುದಕ್ಕೂ ನಿಯಮಗಳಿವೆ. ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಒಮ್ಮೆ ಕೇಳಿಕೊಂಡು ಬಂದರೆ ಅರ್ಧ ದಿನ ಹೋಗಬಹುದು, ಪಿಕಪ್ ಗಾಡಿ ಜಪ್ತಿಗೆ ಹೋಗುವುದಿಲ್ಲ.

## ಹಂತ 2: ಯಾವ ಮರ ತರಬೇಕು, ಯಾವುದು ಬೇಡ

ಪುಕ್ಕಟೆ ಸಿಕ್ಕಿತು ಅಂತ ಎಲ್ಲ ತುಂಬಿಕೊಳ್ಳಬೇಡಿ. ಕೊಯ್ದು, ಹೊತ್ತು, ಒಡೆದು, ಒಟ್ಟುವ ಶ್ರಮ ಎಲ್ಲ ಮರಕ್ಕೂ ಹೆಚ್ಚುಕಡಿಮೆ ಒಂದೇ. ಕೆಂಡ ಮಾತ್ರ ಒಂದೇ ಅಲ್ಲ.

ಗಾಳಿಮರ, ಹುಣಸೆ, ಅಕೇಶಿಯಾ ಚೆನ್ನಾಗಿ ಉರಿದು ಕೆಂಡ ನಿಲ್ಲುತ್ತವೆ. ಹುಣಸೆಯ ಬುಡ ಒಡೆಯುವಾಗ ತೋಳು ಬಿದ್ದುಹೋಗುತ್ತದೆ, ಅದು ಬೇರೆ ಮಾತು. ಹಲಸು, ಮಾವು ನಡುವಿನ ದರ್ಜೆ. ಸಿಲ್ವರ್ ಓಕ್ ಹಗುರ, ಬೇಗ ಒಣಗುತ್ತದೆ, ಬೇಗ ಉರಿದೂ ಹೋಗುತ್ತದೆ. ಒಲೆ ಹೊತ್ತಿಸುವುದಕ್ಕೆ, ಬೆಳಗ್ಗೆ ಹಂಡೆ ನೀರು ಬೇಗ ಕಾಯಿಸುವುದಕ್ಕೆ ಅದೇ ಒಳ್ಳೆಯದು. ರಬ್ಬರ್ ಸೌದೆ ಉರಿಯುತ್ತದೆ, ಆದರೆ ಸೀಳದೆ ಇಟ್ಟರೆ ಬೂಸ್ಟು, ಹುಳ. ಹಾಲುವಾಣ, ಬೂರುಗ ಬಿಟ್ಟುಬಿಡಿ. ನೀರು ಹೊತ್ತು ತಂದ ಹಾಗೆ ತೂಕ, ಒಣಗಿದರೆ ಬೆಂಡು.

ಒಂದು ಮರ ಗುರುತು ಹಿಡಿಯಲು ಕಲಿಯಲೇಬೇಕು: ಹೊಲಗೇರು. ಅದರ ಸೊನೆ ತಾಗಿದರೆ ಮೈ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ತೊಗಟೆ ಸ್ವಲ್ಪ ಕೆತ್ತಿ ಕಾಯಿರಿ. ಸೊನೆ ಗಾಳಿ ತಾಗಿ ಕಪ್ಪಾದರೆ ಆ ಮರಕ್ಕೆ ಕೈ ಮುಗಿದು ಬನ್ನಿ. ಕತ್ತಿಯಲ್ಲಿ ಕಡಿದರೆ ಕೈಗಷ್ಟೇ ತಾಗೀತು, ಮಿಷನ್ ಆದರೆ ಸೊನೆ ಸಮೇತ ಹೊಟ್ಟನ್ನು ಮುಖ, ಕುತ್ತಿಗೆಗೆಲ್ಲ ಎರಚುತ್ತದೆ.

## ಹಂತ 3: ಮನೆಯಲ್ಲೇ ಮಿಷನ್ ಸಿದ್ಧ ಮಾಡಿಕೊಳ್ಳಿ

ಸೌದೆ ಕೆಲಸಕ್ಕೆ 16 ಅಥವಾ 18 ಇಂಚಿನ ಬಾರ್ (ಚೈನ್ ಸುತ್ತಿ ಓಡುವ ಉದ್ದನೆಯ ಪಟ್ಟಿ) ಸಾಕು. ಉದ್ದ ಜಾಸ್ತಿಯಾದಷ್ಟೂ ತುದಿ ನಿಮ್ಮ ಕಣ್ಣಿನಿಂದ ದೂರ ಹೋಗುತ್ತದೆ. ತುದಿಯೇ ಅಪಾಯದ ಜಾಗ.

ಪೆಟ್ರೋಲ್ ಮಿಶ್ರಣ. ಇದು ಎರಡು ಸ್ಟ್ರೋಕಿನ ಎಂಜಿನ್. ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಬಳಸಿ. 50:1 (50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಅಂತ ಹೇಳಿರುವ ಮಿಷನ್ನಿಗೆ ಲೀಟರಿಗೆ 20 ಮಿಲಿ. 25:1 ಅಂತಿದ್ದರೆ 40 ಮಿಲಿ. ನಿಮ್ಮ ಮಿಷನ್ನಿನ ಜೊತೆ ಬಂದ ಪುಸ್ತಕದಲ್ಲಿ ಯಾವುದಿದೆಯೋ ಅದನ್ನೇ ನಂಬಿ. ಬೈಕಿಗೆ ಹಾಕುವ ಎಂಜಿನ್ ಆಯಿಲ್ ಇದಕ್ಕೆ ಆಗುವುದಿಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20%ವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ಒಂದೆರಡು ವಾರಕ್ಕೆ ಬೇಕಾಗುವಷ್ಟೇ ಕಲಸಿ. ಹೋದ ವರ್ಷದ ಕ್ಯಾನಿನಲ್ಲಿ ಉಳಿದದ್ದನ್ನು ಹಾಕಿ "ಸ್ಟಾರ್ಟೇ ಆಗಲ್ಲ" ಅನ್ನುವವರು ಬಹಳ ಜನ.

ಚೈನ್ ಆಯಿಲ್. ಇದಕ್ಕೆ ಬೇರೆ ಟ್ಯಾಂಕ್ ಇದೆ. ಪೆಟ್ರೋಲ್ ತುಂಬಿಸಿದಾಗಲೆಲ್ಲ ಇದನ್ನೂ ತುಂಬಿಸಿ. ಗ್ಯಾರೇಜಿನ ಸುಟ್ಟ ಆಯಿಲ್ ಹಾಕುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪು, ಬಾರ್ ಎರಡನ್ನೂ ತಿನ್ನುತ್ತದೆ. ಆಯಿಲ್ ಬರುತ್ತಿದೆಯೋ ನೋಡಲು, ಐದನೇ ಹಂತದಲ್ಲಿ ಮಿಷನ್ ಸ್ಟಾರ್ಟ್ ಆದ ಮೇಲೆ, ಬಾರ್ ತುದಿಯನ್ನು ಒಂದು ರಟ್ಟಿನ ಕಡೆ ತಿರುಗಿಸಿ, ರಟ್ಟಿಗೆ ತಾಗಿಸದೆ, ವೇಗ ಕೊಡಿ. ಸಣ್ಣ ಎಣ್ಣೆ ಗೆರೆ ಬೀಳಬೇಕು. ಬೀಳದಿದ್ದರೆ ಕೊಯ್ಯಬೇಡಿ, ರಂಧ್ರದಲ್ಲಿ ಹೊಟ್ಟು ಕೂತಿದೆ.

ಚೈನ್ ಬಿಗಿ. ಎಂಜಿನ್ ಆಫ್ ಮಾಡಿ, ಚೈನ್ ಬ್ರೇಕ್ (ಮುಂದಿನ ಹಿಡಿಯ ಎದುರಿಗಿರುವ, ಚೈನ್ ತಡೆದು ನಿಲ್ಲಿಸುವ ಪಟ್ಟಿ) ಬಿಟ್ಟು, ಕೈಗವಸು ಹಾಕಿ ಚೈನ್ ಎಳೆದು ನೋಡಿ. ಸಲೀಸಾಗಿ ತಿರುಗಬೇಕು, ಬಾರಿನ ಕೆಳಗೆ ಜೋತು ಬೀಳಬಾರದು. ಹೊಸ ಚೈನ್ ಮೊದಲ ದಿನ ಉದ್ದವಾಗುತ್ತಲೇ ಇರುತ್ತದೆ, ಪದೇಪದೇ ನೋಡಬೇಕು. ಬಿಸಿಯಲ್ಲಿ ಬಿಗಿ ಮಾಡಿದ್ದರೆ ಸಂಜೆ ಸಡಿಲಿಸಿ ಇಡಿ. ತಣ್ಣಗಾದಾಗ ಅದು ಕುಗ್ಗುತ್ತದೆ.

ಹಲ್ಲು ಮಸೆಯುವುದು. "ಹೊಸ ಮಿಷನ್ ಎರಡು ದಿನಕ್ಕೆ ಕೊಯ್ಯೋದು ಬಿಟ್ಟಿತು" ಅನ್ನುವವರ ಉತ್ತರ ಇಲ್ಲಿದೆ. ಮಿಷನ್ನಿಗೆ ಏನೂ ಆಗಿಲ್ಲ. ಚೈನ್ ಒಮ್ಮೆ ಮಣ್ಣಿಗೆ ತಾಗಿದೆ, ಅಷ್ಟೇ. ಹರಿತವಾದ ಚೈನ್ ಚಕ್ಕೆ ಉದುರಿಸುತ್ತದೆ, ಮೊಂಡಾದದ್ದು ಪುಡಿ ಉದುರಿಸುತ್ತದೆ. ಮಿಷನ್ನನ್ನು ಒತ್ತಬೇಕು ಅನ್ನಿಸಿದರೂ, ಕೊಯ್ಯುವ ಜಾಗದಲ್ಲಿ ಹೊಗೆ ಬಂದರೂ ಅದೇ ಅರ್ಥ.

ಮಸೆಯಲು ದುಂಡನೆಯ ಅರ ಬೇಕು. ಚೈನಿನ ಅಳತೆಗೆ ತಕ್ಕ ಹಾಗೆ 4 ಮಿಮೀ, 4.8 ಮಿಮೀ ಅಥವಾ 5.2 ಮಿಮೀ. ಅಂಗಡಿಗೆ ಹೋಗುವಾಗ ಚೈನಿನ ನಂಬರು ಬರೆದುಕೊಂಡು ಹೋಗಿ, ಕಣ್ಣಂದಾಜಿನಲ್ಲಿ ತರಬೇಡಿ. ಬಾರನ್ನು ಅಲ್ಲಾಡದ ಹಾಗೆ ಕಟ್ಟಿ. ಮೊದಲ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ. ಹಲ್ಲಿನ ಮೇಲೆ ಕೊರೆದಿರುವ ಓರೆಗೆರೆಯ ಪ್ರಕಾರ, ಸಾಧಾರಣವಾಗಿ 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ. ಹಿಂದಕ್ಕೆ ಎಳೆಯುವಾಗ ಅರ ಎತ್ತಿ. ಒಂದು ಹಲ್ಲಿಗೆ ಮೂರು ಸಲ ಅಂದರೆ ಎಲ್ಲಕ್ಕೂ ಮೂರೇ ಸಲ. ಒಂದು ಬದಿ ಮುಗಿಸಿ ಇನ್ನೊಂದು ಬದಿ ಹಿಡಿಯಿರಿ. ಎರಡು ಬದಿಯ ಹಲ್ಲು ಹೆಚ್ಚುಕಮ್ಮಿಯಾದರೆ ಕೊಯ್ತ ಸೊಟ್ಟಗೆ ಹೋಗುತ್ತದೆ. ಎಷ್ಟೇ ನೇರ ಹಿಡಿದರೂ ದಿಮ್ಮಿಯಲ್ಲಿ ಬಿಲ್ಲಿನ ಹಾಗೆ ಬಾಗುತ್ತಿದ್ದರೆ ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ, ಹಲ್ಲು ನೋಡಿ.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ದಿಬ್ಬ ಇರುತ್ತದೆ. ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ನಿರ್ಧರಿಸುವುದು ಅದು. ಮೂರು ನಾಲ್ಕು ಸಲ ಮಸೆದ ಮೇಲೆ ಅದನ್ನು ಚಪ್ಪಟೆ ಅರದಿಂದ ಇಳಿಸಬೇಕು. ಹಲ್ಲಿಗಿಂತ ಸಾಮಾನ್ಯವಾಗಿ 0.65 ಮಿಮೀ ತಗ್ಗು. ಇದಕ್ಕೆ ಗೇಜ್ ಪಟ್ಟಿ ಸಿಗುತ್ತದೆ, ಅದಿಲ್ಲದೆ ಮುಟ್ಟಬೇಡಿ. ಜಾಸ್ತಿ ಇಳಿಸಿದರೆ ಚೈನ್ ಹಸಿದ ನಾಯಿಯ ಹಾಗೆ ಮರಕ್ಕೆ ಹಾರುತ್ತದೆ.

## ಹಂತ 4: ಮೈಮೇಲೇನು, ಜೊತೆಗೆ ಯಾರು

ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಮಿಷನ್ ಹಿಡಿಯುವವರನ್ನು ಎಲ್ಲ ಊರಲ್ಲೂ ನೋಡುತ್ತೇವೆ. ಲುಂಗಿ ಚೈನಿಗೆ ಸಿಕ್ಕಿದರೆ ಬಟ್ಟೆಯ ಜೊತೆ ಕಾಲನ್ನೂ ಎಳೆದುಕೊಳ್ಳುತ್ತದೆ. ದಪ್ಪ ಪ್ಯಾಂಟು, ಗಟ್ಟಿ ಬೂಟು, ಕೈಗವಸು, ಕಣ್ಣಿಗೆ ಜಾಲರಿ ಇರುವ ಹೆಲ್ಮೆಟ್, ಕಿವಿ ಮುಚ್ಚುವ ಮಫ್. ಚೈನ್ ತಾಗಿದರೆ ನಾರು ಬಿಚ್ಚಿಕೊಂಡು ಚೈನನ್ನೇ ನಿಲ್ಲಿಸುವ ಕಾಲುಕವಚ ಆನ್‌ಲೈನಿನಲ್ಲಿ ಸಿಗುತ್ತದೆ. ದುಡ್ಡು ಉಳಿಸಲೇಬೇಕಾದರೆ ಮಿಷನ್ನಿನಲ್ಲಿ ಉಳಿಸಿ, ಇದರಲ್ಲಿ ಬೇಡ.

ಒಬ್ಬರೇ ಹೋಗಬೇಡಿ. ಜೊತೆಗಿರುವವರು ಕನಿಷ್ಠ 15 ಅಡಿ ದೂರ ನಿಲ್ಲಲಿ. ಕರೆಯಬೇಕಾದರೆ ಹಿಂದಿನಿಂದ ಬಂದು ಬೆನ್ನು ತಟ್ಟುವುದಲ್ಲ, ಎದುರಿಗೆ ಬಂದು ಕೈ ಬೀಸಬೇಕು. ಜೊತೆಗೆ ಒಯ್ಯಬೇಕಾದವು: ಕೊಡಲಿ, ಕತ್ತಿ, ಹಾರೆ, ಎರಡು ಮೂರು ಮರದ ಅಥವಾ ಪ್ಲಾಸ್ಟಿಕ್ ಬೆಣೆ, ಹಗ್ಗ, ಅರ, ಮಿಷನ್ನಿನ ಸ್ಪ್ಯಾನರ್, ಶುದ್ಧ ಬಟ್ಟೆಯ ದೊಡ್ಡ ತುಂಡು. ಗಾಯವಾದರೆ ಆ ಬಟ್ಟೆಯನ್ನು ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ಆ ಜಾಗದಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಮಲೆನಾಡಲ್ಲಿ ಇದು ಸಣ್ಣ ವಿಷಯ ಅಲ್ಲ.

## ಹಂತ 5: ಸ್ಟಾರ್ಟ್ ಮಾಡುವ ಮೊದಲು ಒಂದು ಸುತ್ತು

ಮರದ ಸುತ್ತ ಒಮ್ಮೆ ನಡೆಯಿರಿ. ಕರೆಂಟ್ ತಂತಿ ಮರದ ಮೇಲೋ ಕೆಳಗೋ ಇದ್ದರೆ ಹತ್ತಿರ ಹೋಗಬೇಡಿ, 1912ಕ್ಕೆ ಫೋನ್ ಮಾಡಿ ಲೈನಿನವರು ಬರುವವರೆಗೆ ಕಾಯಿರಿ. ಪೊಟರೆ ಇದ್ದರೆ ಉದ್ದ ಕೋಲಿನಿಂದ ತಟ್ಟಿ ನೋಡಿ. ಕಡಜ, ಜೇನು ಎದ್ದರೆ ಓಡಲು ದಾರಿ ಇರಬೇಕು.

ಬೇಲಿ ಸಾಲಿನ ಮರವಾದರೆ ತೊಗಟೆಯೊಳಗೆ ತಂತಿ, ಮೊಳೆ ಇದ್ದೇ ಇರುತ್ತದೆ ಅಂತಲೇ ಇಟ್ಟುಕೊಳ್ಳಿ. ನನ್ನ ಮೊದಲ ಚೈನ್ ಹಾಳಾದದ್ದು ಹಾಗೆ. ಮರ ದಪ್ಪವಾಗುತ್ತ ತಂತಿಯನ್ನು ನುಂಗಿಬಿಟ್ಟಿತ್ತು, ಹೊರಗೆ ಕಾಣುತ್ತಿದ್ದದ್ದು ಒಂದು ಅಡ್ಡ ಗಾಯದ ಗೆರೆ ಮಾತ್ರ. ಅಂಥ ಗೆರೆ, ಕೊಯ್ದ ಮುಖದಲ್ಲಿ ನೀಲಿಗಪ್ಪು ಕಲೆ ಕಂಡರೆ ಅಲ್ಲಿಂದ ಒಂದಡಿ ಬಿಟ್ಟು ಕೊಯ್ಯಿರಿ.

ಈಗ ಸ್ಟಾರ್ಟ್. ಮಿಷನ್ ನೆಲದ ಮೇಲೆ, ಚೈನ್ ಬ್ರೇಕ್ ಹಾಕಿ, ಬಲಗಾಲಿನ ತುದಿ ಹಿಂದಿನ ಹಿಡಿಯೊಳಗೆ, ಎಡಗೈ ಮುಂದಿನ ಹಿಡಿಯ ಮೇಲೆ. ಪೆಟ್ರೋಲ್ ತುಂಬಿಸಿದ ಜಾಗದಿಂದ ಹತ್ತು ಹೆಜ್ಜೆ ಆಚೆ. ಚೋಕ್ ಎಳೆದು ದಾರ ಎಳೆಯಿರಿ. ಒಮ್ಮೆ "ಪಟ್" ಅಂದ ಕೂಡಲೇ ಚೋಕ್ ತೆಗೆಯಬೇಕು. ಅದು ಗೊತ್ತಾಗದೆ ಚೋಕಿನಲ್ಲೇ ಹತ್ತು ಸಲ ಎಳೆದರೆ ಪ್ಲಗ್ ಪೆಟ್ರೋಲಿನಲ್ಲಿ ಒದ್ದೆ. ಆಗ ಸ್ವಿಚ್ ಆಫ್ ಮಾಡಿ, ಪ್ಲಗ್ ಬಿಚ್ಚಿ ಒರೆಸಿ, ಪ್ಲಗ್ ಇಲ್ಲದೆ ನಾಲ್ಕಾರು ಸಲ ದಾರ ಎಳೆದು, ಮತ್ತೆ ಹಾಕಿ. ಕೈಯಲ್ಲಿ ಎತ್ತಿ ಹಿಡಿದು ಕೆಳಗೆ ಬಿಡುತ್ತ ದಾರ ಎಳೆಯುವ ಸ್ಟೈಲ್ ಬೇಡ.

## ಹಂತ 6: ಮೊದಲು ಕೊಂಬೆ

ಬುಡದ ಕಡೆಯಿಂದ ತುದಿಯ ಕಡೆಗೆ ಹೋಗಿ. ಸಾಧ್ಯವಾದಷ್ಟೂ ಕಾಂಡ ನಿಮ್ಮ ಮತ್ತು ಚೈನಿನ ನಡುವೆ ಇರಲಿ. ಇಳಿಜಾರಿನಲ್ಲಿ ಯಾವಾಗಲೂ ಮೇಲಿನ ಬದಿಯಲ್ಲಿ ನಿಲ್ಲಿ. ಕೈಬೆರಳಿನ ದಪ್ಪದ ಪುಳ್ಳೆಗೆಲ್ಲ ಮಿಷನ್ ಯಾಕೆ, ಕತ್ತಿ ಸಾಕು. ಸಣ್ಣ ಪುಳ್ಳೆ ಚೈನಿಗೆ ಸಿಕ್ಕಿ ಮುಖಕ್ಕೆ ಹೊಡೆಯುತ್ತದೆ.

ನೆಲಕ್ಕೆ ಊರಿಕೊಂಡು ಮರದ ಭಾರ ಹೊತ್ತಿರುವ ಕೊಂಬೆಗಳನ್ನು ಕೊನೆಗೆ ಬಿಡಿ. ಅವು ಇರುವಷ್ಟು ಹೊತ್ತು ಕಾಂಡ ನೆಲದಿಂದ ಮೇಲಿರುತ್ತದೆ, ಕೊಯ್ಯಲು ಸುಲಭ. ಬಿಲ್ಲಿನ ಹಾಗೆ ಬಾಗಿ ಸಿಕ್ಕಿಕೊಂಡಿರುವ ಗಿಡ, ಕೊಂಬೆ ಕಂಡರೆ ಒಂದೇ ಏಟಿಗೆ ಕೊಯ್ಯಬೇಡಿ, ಬಿಚ್ಚಿಕೊಂಡರೆ ದವಡೆ ಮುರಿಯುವ ಹಾಗೆ ಬರುತ್ತದೆ. ಬಾಗಿನ ಒಳಬದಿಯಲ್ಲಿ ಸ್ವಲ್ಪ ಸ್ವಲ್ಪವೇ ಕೆರೆಯುತ್ತ ಬಿಗಿ ಇಳಿಸಿ.

ಬಾರಿನ ತುದಿಯ ಮೇಲಿನ ಕಾಲುಭಾಗ ಯಾವುದಕ್ಕೂ ತಾಗಬಾರದು. ತಾಗಿದರೆ ಮಿಷನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆ ಚಿಮ್ಮುತ್ತದೆ. ಎಡಗೈ ಹೆಬ್ಬೆರಳು ಹಿಡಿಯನ್ನು ಸುತ್ತಿಕೊಂಡಿರಬೇಕು, ಮೇಲೆ ಆನಿಸಿರಬಾರದು. ಭುಜಕ್ಕಿಂತ ಎತ್ತರದಲ್ಲಿ ಕೊಯ್ಯಬಾರದು, ಮುಖ ಚೈನಿನ ನೇರಕ್ಕೆ ಇರಬಾರದು.

## ಹಂತ 7: ತುಂಡು ಮಾಡುವುದು (ಬಾರ್ ಸಿಕ್ಕಿಕೊಳ್ಳುವುದು ಇಲ್ಲೇ)

ಒಲೆಯ ಉದ್ದ ಅಳೆದು ಒಂದು ಕೋಲು ಕತ್ತರಿಸಿಕೊಳ್ಳಿ. ಬಚ್ಚಲ ಒಲೆಗೆ ಒಂದೂವರೆ ಅಡಿ ಸರಿಯಾಗುತ್ತದೆ, ಅಡಿಕೆ ಬೇಯಿಸುವ ಒಲೆಗೆ ಉದ್ದ ನಡೆಯುತ್ತದೆ. ದಿಮ್ಮಿಯ ಮೇಲೆ ಮೊದಲೇ ಗುರುತು ಹಾಕಿ.

ಇನ್ನು ಮುಖ್ಯ ವಿಷಯ. ಯಾವ ದಿಮ್ಮಿಯಲ್ಲೂ ಒಂದು ಬದಿ ಹಿಂಡಿಕೊಂಡಿರುತ್ತದೆ, ಇನ್ನೊಂದು ಬದಿ ಎಳೆದುಕೊಂಡಿರುತ್ತದೆ. ಹಿಂಡಿಕೊಂಡ ಬದಿಯಿಂದಲೇ ಕೊಯ್ಯುತ್ತ ಹೋದರೆ ಗೀರು ಮುಚ್ಚಿಕೊಂಡು ಬಾರನ್ನು ಕಚ್ಚುತ್ತದೆ. ಎಳೆದುಕೊಂಡ ಬದಿಯಿಂದಲೇ ಶುರು ಮಾಡಿದರೆ ದಿಮ್ಮಿ ಪಟಾರನೆ ಸೀಳಬಹುದು. ಹಾಗಾಗಿ ಮೊದಲು ಹಿಂಡಿಕೊಂಡ ಬದಿಯಲ್ಲಿ ಮೂರನೇ ಒಂದು ಭಾಗ, ಆಮೇಲೆ ಎಳೆದುಕೊಂಡ ಬದಿಯಿಂದ ಉಳಿದದ್ದು.

ದಿಮ್ಮಿಯ ಎರಡೂ ತುದಿ ಆಧಾರದ ಮೇಲಿದ್ದು ನಡು ಗಾಳಿಯಲ್ಲಿದ್ದರೆ ಮೇಲ್ಬದಿ ಹಿಂಡಿಕೊಂಡಿದೆ. ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಕೆಳಗಿನಿಂದ ಮುಗಿಸಿ. ಒಂದು ತುದಿ ಹೊರಚಾಚಿದ್ದರೆ ತಲೆಕೆಳಗು: ಕೆಳಗಿನಿಂದ ಮೂರನೇ ಒಂದು ಭಾಗ, ಮೇಲಿನಿಂದ ಉಳಿದದ್ದು. ಕೆಳಗಿನಿಂದ ಕೊಯ್ಯುವಾಗ ಬಾರಿನ ಮೇಲಂಚು ಕೆಲಸ ಮಾಡುತ್ತದೆ, ಮಿಷನ್ ನಿಮ್ಮ ಕಡೆಗೇ ತಳ್ಳುತ್ತದೆ. ಕಾಲು ಗಟ್ಟಿಯಾಗಿ ಊರಿ.

ಇಡೀ ದಿಮ್ಮಿ ನೆಲಕ್ಕೆ ಅಂಟಿಕೊಂಡಿದ್ದರೆ ಎಲ್ಲ ಗುರುತಿನಲ್ಲೂ ಮುಕ್ಕಾಲು ಭಾಗ ಮಾತ್ರ ಕೊಯ್ದು ಬನ್ನಿ. ಆಮೇಲೆ ಹಾರೆ ಹಾಕಿ ಉರುಳಿಸಿ ಇನ್ನೊಂದು ಬದಿಯಿಂದ ಮುಗಿಸಿ. ಒಂದೇ ಸಲಕ್ಕೆ ಕೆಳಗಿನವರೆಗೆ ಕೊಯ್ಯಲು ಹೋದರೆ ಚೈನ್ ಮಣ್ಣಿಗೆ ತಾಗುತ್ತದೆ, ಮತ್ತೆ ಅರ ಹಿಡಿದು ಕೂರಬೇಕು.

ಕಣ್ಣಿಡಬೇಕಾದದ್ದು ಗೀರಿನ ಮೇಲೆ. ಗೀರು ಸಣ್ಣದಾಗುತ್ತ ಬಂದರೆ ಕೂಡಲೇ ಮಿಷನ್ ಹೊರಗೆ ತೆಗೆಯಿರಿ, ಅಥವಾ ಗೀರಿಗೆ ಬೆಣೆ ಹೊಡೆಯಿರಿ. ಅಷ್ಟಾಗಿಯೂ ಸಿಕ್ಕಿಕೊಂಡಿತೇ? ಎಂಜಿನ್ ಆಫ್ ಮಾಡಿ. ಅಲ್ಲಾಡಿಸಿ ಎಳೆದರೆ ಬಾರ್ ಬಾಗುತ್ತದೆ. ಬೆಣೆ ಹೊಡೆಯಿರಿ, ಹಾರೆಯಿಂದ ದಿಮ್ಮಿ ಎತ್ತಿಸಿ. ಆಗಲೂ ಬರದಿದ್ದರೆ ಪಕ್ಕದ ನಟ್ಟು ಬಿಚ್ಚಿ ಎಂಜಿನ್ ಭಾಗವನ್ನು ಕಳಚಿಟ್ಟು, ಬಾರನ್ನು ಕೊಡಲಿಯಿಂದ ಬಿಡಿಸಿ. ನಾನೊಮ್ಮೆ ಇದನ್ನೆಲ್ಲ ಬಿಟ್ಟು ಸುಮ್ನೆ ಜಗ್ಗಾಡಿ, ಒಂದು ಸಂಜೆ ಮತ್ತು ಒಂದು ಬಾರ್ ಕಳೆದುಕೊಂಡಿದ್ದೇನೆ.

ಬೇರು ಸಮೇತ ಕಿತ್ತು ಬಿದ್ದ ಮರದಲ್ಲಿ ಇನ್ನೊಂದು ಎಚ್ಚರಿಕೆ. ಕಾಂಡ ಕೊಯ್ದು ಭಾರ ಹೋದ ಕೂಡಲೇ ಬುಡ ಬೇರಿನ ಮಣ್ಣಿನ ಜೊತೆ ವಾಪಸ್ ಗುಂಡಿಗೆ ಕೂರಬಹುದು. ಆ ಗುಂಡಿಯಲ್ಲಿ ಮಕ್ಕಳು ಆಡಲು ಇಳಿದಿರುತ್ತಾರೆ. ಮೊದಲು ಅವರನ್ನು ಮನೆಗೆ ಕಳಿಸಿ. ಬುಡದ ಕಡೆ ನಾಲ್ಕೈದು ಅಡಿ ಬಿಟ್ಟೇ ಕೊಯ್ಯಿರಿ, ಉಳಿದದ್ದು ಜೆಸಿಬಿ ಬಂದಾಗ ನೋಡಿಕೊಂಡರಾಯಿತು.

## ಹಂತ 8: ಅದೇ ವಾರ ಒಡೆಯಿರಿ

ದುಂಡಗಿನ ಕೊರಡು ತೊಗಟೆಯೊಳಗೆ ತಿಂಗಳುಗಟ್ಟಲೆ ಹಸಿಯಾಗೇ ಇರುತ್ತದೆ. "ಬರೀ ಹೊಗೆ" ಅನ್ನುವ ದೂರಿನ ಹಿಂದಿನ ಕಾರಣ ಇದೇ. ಮುಂಗೈಗಿಂತ ದಪ್ಪ ಇರುವುದನ್ನೆಲ್ಲ ಸೀಳಿ. ಹಸಿಯಲ್ಲಿ ಹೆಚ್ಚಿನ ಮರ ಸಲೀಸಾಗಿ ಒಡೆಯುತ್ತದೆ, ಒಣಗಿದ ಮೇಲೆ ಕೊಡಲಿಯನ್ನೇ ವಾಪಸ್ ಕಳಿಸುತ್ತದೆ. ಅಗಲವಾದ ಕೊರಡಿನ ಮೇಲೆ ಇಟ್ಟು ಒಡೆಯಿರಿ, ಗಂಟಿನ ಮೇಲೆ ಹೊಡೆಯಬೇಡಿ, ಅಂಚಿನಿಂದ ಶುರು ಮಾಡಿ. ಕವಲಿನ ಗಂಟು ಎರಡು ಏಟಿಗೆ ಬಿಡದಿದ್ದರೆ ಪಕ್ಕಕ್ಕೆ ಎಸೆಯಿರಿ. ಅದು ಹಾಗೇ ಅಡಿಕೆ ಒಲೆಗೆ ಆಗುತ್ತದೆ.

## ಹಂತ 9: ಒಟ್ಟುವುದು

ನೆಲದ ಮೇಲೆ ನೇರ ಒಟ್ಟಿದರೆ ಕೆಳಗಿನ ಸಾಲು ಗೆದ್ದಲಿಗೆ. ಕಲ್ಲು ಇಟ್ಟು, ಮೇಲೆ ಹಳೇ ಅಡಿಕೆ ಮರ ಅಡ್ಡ ಹಾಸಿ, ಆಮೇಲೆ ಸೌದೆ. ಗೋಡೆಯಿಂದ ಒಂದು ಗೇಣು ಬಿಡಿ. ಬಿಸಿಲು, ಗಾಳಿ ಆಡುವ ಜಾಗದಲ್ಲಿ ಮೇ ಕೊನೆಯವರೆಗೆ ಇರಲಿ. ಮುಚ್ಚುವುದಾದರೆ ಮೇಲ್ಭಾಗಕ್ಕೆ ಮಾತ್ರ ತಗಡು ಹಾಕಿ. ಟಾರ್ಪಲಿನಲ್ಲಿ ನೆಲದವರೆಗೆ ಸುತ್ತಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ.

ಒಣಗಿದೆಯೋ ಅಂತ ತಿಳಿಯಲು ಎರಡು ಸೀಳನ್ನು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದ್ದು ದಬ್ ಅನ್ನುತ್ತದೆ. ತುದಿಯಲ್ಲಿ ನಕ್ಷತ್ರದ ಹಾಗೆ ಬಿರುಕು ಬಂದಿರಬೇಕು, ತೊಗಟೆ ಉಗುರಿಗೇ ಎದ್ದು ಬರಬೇಕು. ಜನವರಿ, ಫೆಬ್ರುವರಿಯಲ್ಲಿ ಸೀಳಿದ ಸಿಲ್ವರ್ ಓಕ್ ಆ ಮಳೆಗಾಲಕ್ಕೇ ಆಗುತ್ತದೆ. ಮೇ ತಿಂಗಳ ಗಾಳಿಗೆ ಬಿದ್ದ ಹಲಸು ಆಗುವುದಿಲ್ಲ, ಅದನ್ನು ಮುಂದಿನ ವರ್ಷದ್ದು ಅಂತ ಬೇರೆ ಒಟ್ಟಿ. ಎರಡನ್ನೂ ಬೆರೆಸಿದರೆ ಆಷಾಢದಲ್ಲಿ ಯಾವುದು ಯಾವುದು ಅಂತ ಒಲೆ ಮುಂದೆ ಕೂತು ಊದಬೇಕಾಗುತ್ತದೆ.

ಜೂನ್ ಮೊದಲ ಮಳೆಗೆ ಮುಂಚೆ ಸೌದೆ ಕೊಟ್ಟಿಗೆಯೊಳಗೆ ಬಂದಿರಲಿ. ಒಳಗೆ ಸಾಗಿಸುವಾಗ ಕೈಗವಸು ಹಾಕಿ, ರಾಶಿಯ ಮೇಲಿನಿಂದ ತೆಗೆಯಿರಿ. ಚೇಳು, ಕೊಳಕುಮಂಡಲ ಎರಡಕ್ಕೂ ಸೌದೆ ರಾಶಿ ಅಂದರೆ ಇಷ್ಟ. ಕೊಟ್ಟಿಗೆಯಲ್ಲೂ ರಾತ್ರಿ ಟಾರ್ಚ್ ಇಲ್ಲದೆ ಕೈ ಹಾಕಬೇಡಿ.

## ಹಂತ 10: ಮಿಷನ್ ಕಟ್ಟಿಡುವುದು

ಕೆಲಸದ ದಿನಗಳಲ್ಲಿ ಪ್ರತಿ ಸಂಜೆ ಏರ್ ಫಿಲ್ಟರ್ ತಟ್ಟಿ, ಬಾರ್ ಬಿಚ್ಚಿ ಅದರ ಅಂಚಿನ ತೋಡಿನೊಳಗಿನ ಹೊಟ್ಟು ತೆಗೆಯಿರಿ. ಬಾರ್ ಹಾಕುವಾಗ ತಲೆಕೆಳಗು ಮಾಡಿ ಹಾಕಿ, ಎರಡೂ ಅಂಚು ಸಮನಾಗಿ ಸವೆಯುತ್ತದೆ. ಮಳೆಗಾಲಕ್ಕೆ ಒಳಗಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಉಳಿದ ಪೆಟ್ರೋಲ್ ಮುಗಿದು ತಾನಾಗಿ ಆಫ್ ಆಗುವವರೆಗೆ ಓಡಿಸಿ. ಚೈನ್ ಬಿಚ್ಚಿ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯಲ್ಲಿ ಸುತ್ತಿಡಿ. ಬಚ್ಚಲ ಒಲೆಯ ಹತ್ತಿರ ಬೆಚ್ಚಗಿರುತ್ತದೆ ಅಂತ ಮಿಷನ್ನನ್ನೂ ಪೆಟ್ರೋಲ್ ಕ್ಯಾನನ್ನೂ ಅಲ್ಲೇ ಇಡುವ ಮನೆಗಳನ್ನು ನೋಡಿದ್ದೇನೆ. ಇವತ್ತೇ ಎತ್ತಿ ಬೇರೆ ಕಡೆ ಇಡಿ.